ಭತ್ತ ಕಡಿಯುವ ಹಲ್ಲು

ಮೊದಲ ಬಸ್ಸು ಬರುವ ಮುಂಚೆಯೇ ಕಂಪ್ಲಿ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸಿನ ಮೇಲೆ ಮಗಳ ಮುಖ ಏರಿತ್ತು. ಮರುಳಸಿದ್ದಪ್ಪ ಸ್ಕೂಟರಿನಿಂದ ಇಳಿಯದೆ, ಒಂದು ಕಾಲನ್ನು ನೆಲಕ್ಕೆ ಊರಿ, ಯಾರದೋ ದಾರಿ ಕಾಯುತ್ತಿರುವವನಂತೆ ನಟಿಸುತ್ತ ಅದನ್ನು ಓರೆಗಣ್ಣಿನಲ್ಲಿ ನೋಡಿದ. ನೇರವಾಗಿ ನೋಡುವುದಕ್ಕೆ ಸಂಕೋಚ. ತನ್ನ ಮಿಲ್ಲಿನ ಅಕ್ಕಿಯನ್ನು ತಾನೇ ಅಂಗಡಿಯಲ್ಲಿ ಕೊಂಡು ತಾನೇ ಹೊಗಳಿದ ಹಾಗಾಗುತ್ತದೆ. ಬಲಕ್ಕೆ ಯಾರೋ ಮುಖಂಡನ ಹುಟ್ಟುಹಬ್ಬ, ಎಡಕ್ಕೆ ಬೀಜದ ಕಂಪನಿಯ ಹತ್ತಿ, ನಡುವೆ ತ್ರಿವೇಣಿ, ಮನೆಯ ತಲಬಾಗಿಲಿನಷ್ಟು ಎತ್ತರ. ಸುತ್ತಲೂ ಸೇವಂತಿಗೆಯ ಹಾರ. ಹಾರ ಬೇಕೆಂದವನು ಅವನೇ. ಫ್ಲೆಕ್ಸ್ ಮಾಡುವ ಹಂಪೇಶ ಕಂಪ್ಯೂಟರಿನ ಮುಂದೆ ಕೂತು, "ಸಾವ್ಕಾರ್ರ, ನಗೋ ಫೋಟೊ ಇಲ್ಲೇನ್ರಿ?" ಎಂದು ಕೇಳಿದಾಗ, "ನಮ್ಮನ್ಯಾಗ ಅಂಥಾ ಫೋಟೊ ಯಾರ್ದೂ ಇರಂಗಿಲ್ಲ. ಸುತ್ತ ಹೂವು ಹಾಕು, ಚೆಂದ ಕಾಣ್ತೈತಿ" ಎಂದಿದ್ದ. ಹಂಪೇಶ ಆಗ ತಲೆ ಕೆರೆದುಕೊಂಡದ್ದು ಈಗ ನೆನಪಾಯಿತು; ಯಾಕೆ ಕೆರೆದುಕೊಂಡ ಎಂಬುದು ಮಾತ್ರ ಹೊಳೆಯಲಿಲ್ಲ.

ಕೆಳಗಿನ ಅಕ್ಷರಗಳನ್ನೂ ಅವನೇ ಜೋಡಿಸಿದ್ದ. ವಿದೇಶದ ಥೀಮ್ ಪಾರ್ಕಿನ ವಿದ್ಯಾರ್ಥಿ ಉದ್ಯೋಗ ಯೋಜನೆಗೆ ಆಯ್ಕೆಯಾದ ಕಂಪ್ಲಿಯ ಕುವರಿ ತ್ರಿವೇಣಿಗೆ ಹಾರ್ದಿಕ ಅಭಿನಂದನೆಗಳು. ಇಂತಿ, ಹಿತೈಷಿಗಳು. ಹಿತೈಷಿಗಳು ಎಂಬ ಬಹುವಚನದಲ್ಲಿ ಸದ್ಯಕ್ಕೆ ಅವನೊಬ್ಬನೇ ಇದ್ದ. ಥೀಮ್ ಪಾರ್ಕ್ ಎಂದರೇನೆಂದು ಮಿಲ್ಲಿನ ತೂಕದ ಕಟ್ಟೆಯ ಮೇಲೆ ಕೂತವರೆಲ್ಲ ವಾರದಿಂದ ಕೇಳುತ್ತಿದ್ದರು. "ನಮ್ಮ ಹಂಪಿ ಇದ್ದಂಗ. ಆದ್ರ ಅಲ್ಲಿ ಯಾವುದೂ ಬಿದ್ದಿಲ್ಲ" ಎಂದು ಅವನು ಹೇಳುತ್ತಿದ್ದ. ಮಗಳಿಗೆ ಅಲ್ಲಿ ಏನು ಕೆಲಸ ಎಂದರೆ, "ಗೇಟಿನ ಉಸ್ತುವಾರಿ" ಎನ್ನುತ್ತಿದ್ದ. ಉಸ್ತುವಾರಿ ಎಂಬ ಮಾತನ್ನು ಅವಳು ಬಳಸಿರಲಿಲ್ಲ. ಗೇಟಿನ ಹತ್ತಿರ ನಿಂತು ಬಂದವರನ್ನು ಸ್ವಾಗತಿಸುವುದು ಎಂದಷ್ಟೇ ಅವಳು ಹೇಳಿದ್ದು. ಇನ್ನೂ ಏನೋ ಹೇಳಿದ್ದಳು. "ಎಲ್ಲಾ ಮುಗದೈತಿ ಅಪ್ಪಾಜಿ, ಒಂದು ವಿಡಿಯೊ ಕಾಲ್ ಬಾಕಿ ಐತಿ, ಅದರಾಗ" ಎಂದು ಅವಳು ಶುರುಮಾಡಿದಾಗ, ಎಲ್ಲಾ ಮುಗದೈತಿ ಎನ್ನುವಲ್ಲಿಗೇ ಅವನು ಚಪ್ಪಲಿ ಮೆಟ್ಟಿಯಾಗಿತ್ತು. ಅರ್ಧ ಮಾತು ಬೆನ್ನಿಗೆ ಬಿದ್ದದ್ದು ಗೊತ್ತಿತ್ತು. ತಿರುಗಿ ನೋಡಿದ್ದರೆ ಹಂಪೇಶನ ಅಂಗಡಿಗೆ ಹೋಗುವ ಹುರುಪು ಇಳಿಯುತ್ತಿತ್ತೇನೋ.

ಆ ಮುಖ ಅವನದೇ. ಅವನಿಗೆ ಅದು ಅವನ ಅಪ್ಪ ವಿರೂಪಾಕ್ಷಪ್ಪನಿಂದ ಬಂದಿತ್ತು, ಮಿಲ್ಲಿನ ಜೊತೆಗೆ. ಭತ್ತದ ಗಾಡಿ ಬಂದು ನಿಂತಾಗ ವಿರೂಪಾಕ್ಷಪ್ಪ ಚೀಲದೊಳಗೆ ಕೈ ಇಳಿಸಿ, ತಳದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿಯುತ್ತಿದ್ದ. ಹಸಿ ಇದ್ದರೆ ಕಾಳು ಸುಮ್ಮನೆ ಮೆತ್ತಗಾಗುತ್ತದೆ. ಒಣಗಿದ್ದರೆ ಟಕ್ ಎನ್ನುತ್ತದೆ. ಆ ಸದ್ದಿಗಾಗಿ ರೈತ, ದಲಾಲಿ, ಹಮಾಲರು ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಿದ್ದರು. ಟಕ್ ಎಂದ ಮೇಲೂ ವಿರೂಪಾಕ್ಷಪ್ಪನ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಮೆಚ್ಚಿದ್ದು ಗೊತ್ತಾದರೆ ದರ ಏರುತ್ತದೆ ಎಂಬುದು ಅವನ ಲೆಕ್ಕಾಚಾರ. ಹಮಾಲರ ಮೇಸ್ತ್ರಿ ಜಂಬಯ್ಯನೇ ಕೊನೆಗೆ ಸೋತು, "ಇಳಿಸ್ಲೇನ್ರಿ, ಸಾವ್ಕಾರ್ರ?" ಎಂದು ಕೇಳಬೇಕು, ಆಮೇಲೆ ಒಂದು ತಲೆಯಾಡಿಕೆ. ಮನೆಯಲ್ಲೂ ಅದೇ ಮುಖ. ಅವ್ವ ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಮೊಮ್ಮಗಳು ಅಂಗಳದಲ್ಲಿ ನಕ್ಕರೆ, "ಹಲ್ಲು ಕಿಸೀಬ್ಯಾಡ, ಮಂದಿ ನೋಡ್ತಾರ" ಎನ್ನುತ್ತಿದ್ದಳು. ಒಟ್ಟಿನಲ್ಲಿ ಆ ಮನೆಯಲ್ಲಿ ಹಲ್ಲು ಇದ್ದದ್ದು ಭತ್ತ ಕಡಿಯುವುದಕ್ಕೆ. ತ್ರಿವೇಣಿ ಎಂಟನೆಯ ಇಯತ್ತೆಗೆ ಬರುವ ಹೊತ್ತಿಗೆ ಅವಳ ಮುಖ ಹದಕ್ಕೆ ಬಂದಿತ್ತು. ನೆಂಟರು, "ಥೇಟ್ ಸಿದ್ದಪ್ಪನ ಮಾರಿ" ಎಂದಾಗೆಲ್ಲ ಅವನು ಒಳಗೊಳಗೇ ಹಿಗ್ಗುತ್ತಿದ್ದ, ಹಿಗ್ಗಿದ್ದು ಕಾಣಿಸದ ಹಾಗೆ.

ಮನೆಗೆ ಬಂದಾಗ ಅವಳು ನಡುಮನೆಯ ಕನ್ನಡಿಯ ಮುಂದೆ ಪೆನ್ಸಿಲ್ಲನ್ನು ಅಡ್ಡಡ್ಡ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಹೆಂಡತಿ ಗಂಗಾಂಬಿಕಾ ದೇವರ ಕೋಣೆಯಿಂದ ವಿಭೂತಿ ಹಚ್ಚಿಕೊಂಡು ಹೊರಬಂದವಳು, ಮಗಳನ್ನು ನೋಡಿ, ಗಂಡನನ್ನು ನೋಡಿ ಏನೋ ಅನ್ನಬೇಕೆನ್ನುವ ಹೊತ್ತಿಗೆ ಗೇಟಿನ ಬಳಿ ಆಟೊ ನಿಂತಿತು. ಆಟೊದಿಂದ ಮೊದಲು ಅಳು ಇಳಿಯಿತು, ಅದರ ಹಿಂದೆ ಅವನ ಅಕ್ಕ ಉಚ್ಚೆಂಗಮ್ಮ.

"ಅಯ್ಯೋ ನನ್ನ ತಾಯೀ! ಹೂವಿನಂಥಾ ಕೂಸು! ಒಂದು ಮಾತು ಹೇಳಿ ಕಳಿಸ್ಲಿಲ್ಲಲ್ಲೋ ತಮ್ಮಾ, ನಾ ಬಸ್ಸಿನ್ಯಾಗ ಕುಂತು ನೋಡ್ಬೇಕಾತಲ್ಲೋ!"

ಬುಕ್ಕಸಾಗರದಿಂದ ಅದೇ ಬಸ್ಸಿನಲ್ಲಿ ಬಂದಿದ್ದ ಇಬ್ಬರು ಓಣಿಯ ಹೆಂಗಸರನ್ನೂ ಅಳುವಿಗೆ ಜೊತೆಯಾಗಲೆಂದು ಅವಳು ಕರೆತಂದಿದ್ದಳು. ಬಾಗಿಲು ತೆರೆದವಳು ತ್ರಿವೇಣಿ, ಬಾಯಲ್ಲಿ ಪೆನ್ಸಿಲ್. ಉಚ್ಚೆಂಗಮ್ಮನ ಅಳು ಗಂಟಲಲ್ಲೇ ನಿಂತಿತು. ಜೊತೆಗೆ ಬಂದವರು ಸೆರಗು ಕೆಳಗಿಳಿಸಿದರು.

"ಇಕಿ ಇಲ್ಲೇ ಅದಾಳ" ಎಂದಳು ಉಚ್ಚೆಂಗಮ್ಮ, ಯಾರೋ ಮೋಸ ಮಾಡಿದ ದನಿಯಲ್ಲಿ. "ಮತ್ತ ಬಸ್ ಸ್ಟ್ಯಾಂಡಿನ್ಯಾಗ ಹಾರ ಹಾಕಿ ಯಾಕ ನಿಲ್ಸೀರಿ?"

ಅದು ಅಭಿನಂದನೆ ಎಂದು ಮರುಳಸಿದ್ದಪ್ಪ ಹೇಳಿದ. ಅಂಥ ಮುಖಕ್ಕೆ ಹಾರ ಹಾಕಿದರೆ ಯಾರಾದರೂ ಏನಂದುಕೊಳ್ಳಬೇಕು, ಬಸ್ಸಿನಲ್ಲಿ ಕೂತವರು ಕೆಳಗಿನ ಅಕ್ಷರ ಓದುತ್ತಾರೇನು, ಬಸ್ಸಿನ ತುಂಬ ಮಂದಿ 'ಪಾಪ, ವಯಸ್ಸೇನೂ ಆಗಿದ್ದಿಲ್ಲ' ಎಂದು ಲೊಚಗುಟ್ಟಿದರು ಎಂದು ಅಕ್ಕ ಹೇಳಿದಳು. ಅಷ್ಟು ಅತ್ತದ್ದರ ಖರ್ಚಿಗೆ ಒಂದು ಚಹಾ ಬೇಕೆಂದು ಕೂತಳು. "ನಿನ್ನ ಮದ್ವಿ ಫೋಟೊನೂ ಹಂಗ ಇತ್ತು. ಅದನ್ನ ನೋಡಿ ಗಂಗಾಂಬಿಕಾ ಹೆಂಗ ಒಪ್ಪಿದ್ಲೋ ಏನೋ."

"ನಾ ಎಲ್ಲಿ ನೋಡಿದ್ನಿ ಅಕ್ಕಾರ" ಎಂದಳು ಗಂಗಾಂಬಿಕಾ ಒಳಗಿನಿಂದ. "ನಮ್ಮಪ್ಪಾಜಿ ನೋಡಿದ್ದು."

ಎಲ್ಲರೂ ನಕ್ಕರು, ಅಪ್ಪ ಮಗಳನ್ನು ಬಿಟ್ಟು. ತ್ರಿವೇಣಿ ಪೆನ್ಸಿಲ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಕಿವಿ ಕೆಂಪಾಗಿತ್ತು. "ಇನ್ನಾ ಆಗಿಲ್ಲ ಅಂತ ಹೇಳಿದ್ನಲ್ಲ ಅಪ್ಪಾಜಿ" ಎಂದಳು, ಸಣ್ಣ ದನಿಯಲ್ಲಿ, ಅತ್ತೆಗೆ ಕೇಳಿಸದಿರಲಿ ಎಂದು. "ದೋಣಿಮಲೈಯಿಂದ ಬರೋ ನಮ್ಮ ಕ್ಲಾಸಿನ ಗಂಗೋತ್ರೀದು ಆತು. ನನ್ನದು ಹಿಡ್ದಾರ. ಇಂಗ್ಲಿಷು, ನಡತಿ, ಎಲ್ಲಾ ಪಾಸು. ಮುಖದಾಗ ಸ್ವಾಗತ ಇಲ್ಲ ಅಂತ. ಇವತ್ತು ಮಧ್ಯಾಹ್ನ ಕಾಲೇಜಿನ್ಯಾಗ ಇನ್ನೊಮ್ಮೆ ನೋಡ್ತಾರ."

ಮುಖದಲ್ಲಿ ಸ್ವಾಗತವಿಲ್ಲ. ಕಾರನ್ನು ಹೊರಗೆ ತೆಗೆಯುವಾಗಲೂ, ಬಸ್ ಸ್ಟ್ಯಾಂಡಿನ ದಾರಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗುವಾಗಲೂ ಅದೇ ಮಾತು ಒಳಗೆ ಸುತ್ತುತ್ತಿತ್ತು. ಹಾಗೆ ನೋಡಿದರೆ ಅವನ ಮಿಲ್ಲಿನ ಗೇಟಿನಲ್ಲೂ ಯಾರಿಗೂ ಸ್ವಾಗತವಿರಲಿಲ್ಲ. ಆದರೂ ಭತ್ತದ ಲಾರಿಗಳು ಗಂಗಾವತಿಯ ಕಡೆಯಿಂದಲೂ ಬರುತ್ತಿದ್ದವು. ಮನೆಗೆ ಬಂದವರಿಗೆ ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಶರಣು ಎಂದರಾಯಿತು. ಬಗ್ಗಿಸಿದ ತಲೆಯಲ್ಲಿ ಹಲ್ಲು ಯಾರಿಗೆ ಕಾಣುತ್ತದೆ. ಆದರೆ ಇವಳ ಮುಖವನ್ನು ಹಿಡಿದಿಟ್ಟವರು ಸಮುದ್ರದಾಚೆ ಕೂತು ಹೇಳುತ್ತಿರುವುದು ಇವಳ ಬಗ್ಗೆ ಅಲ್ಲ, ತನ್ನ ಬಗ್ಗೆ, ಅಪ್ಪನ ಬಗ್ಗೆ, ಸೆರಗು ಒತ್ತಿಕೊಂಡ ಅವ್ವನ ಬಗ್ಗೆ ಎಂದು ಅನಿಸಿ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಅದು ಹಸಿ ಕಾಳಿನ ಹಾಗೆ ಸದ್ದಿಲ್ಲದೆ ಮೆತ್ತಗೆ ಮುರಿಯುವಂಥದ್ದು. ಅವಳು ಫೇಲಾದರೆ ಫ್ಲೆಕ್ಸ್ ಇಳಿಸಬೇಕು. ಇಳಿಸುವುದನ್ನು ಊರು ನೋಡುತ್ತದೆ. ಮಗಳ ಸೋಲಿಗಿಂತ ಮೊದಲು ಫ್ಲೆಕ್ಸ್ ನೆನಪಾದದ್ದಕ್ಕೆ ಅವನಿಗೆ ಅವನ ಮೇಲೇ ಅಸಹ್ಯವಾಯಿತು.

ಬುಕ್ಕಸಾಗರದ ಆಚೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಬೇರೆ ದಿನವಾಗಿದ್ದರೆ ಇಳಿದು ಒಂದು ಕಾಳು ಬಾಯಿಗೆ ಹಾಕದೆ ಮುಂದೆ ಹೋಗುವವನಲ್ಲ. ಇವತ್ತು ಚಕ್ರವನ್ನಷ್ಟೇ ಪಕ್ಕಕ್ಕೆ ತಿರುಗಿಸಿದ. ತ್ರಿವೇಣಿ ಅದನ್ನು ಗಮನಿಸಿ, ಪೆನ್ಸಿಲ್ ಕಚ್ಚಿದ ಬಾಯಲ್ಲೇ ಅವನ ಕಡೆ ನೋಡಿದಳು.

"ಎಷ್ಟು ಹಲ್ಲು ಕಾಣ್ಬೇಕಂತ?" ಎಂದು ಕೇಳಿದ.

ಅವಳು ಪೆನ್ಸಿಲ್ ತೆಗೆದಳು. "ಮ್ಯಾಲಿನ ಸಾಲು ಪೂರಾ."

"ಕೆಳಗಿಂದು?"

"ಅದು ಕಂಡ್ರ ನಾಯಿ ಗುರ್ ಅಂದಂಗ ಕಾಣ್ತೈತಂತ. ಕಾಲೇಜಿನ ಮುರುಗೇಶ್ ಸರ್ ಹೇಳ್ಯಾರ. ಬೆರಳು ತೋರ್ಸಂಗಿಲ್ಲ, ಅಂಗೈ ಬಿಚ್ಚಿ ದಾರಿ ತೋರ್ಸಬೇಕು. ಸಣ್ಣ ಹುಡುಗ್ರು ಬಂದ್ರ ಮೊಣಕಾಲೂರಿ ಅವರ ಕಣ್ಣಿಗೆ ಸಮ ಆಗ್ಬೇಕು."

"ಮೊಣಕಾಲೂರಿ? ಯಾರ ಹುಡುಗ್ರಿಗೆ?"

"ಟಿಕೆಟ್ ತಗಂಡ ಯಾರ ಹುಡುಗ್ರಿಗಾದ್ರೂ."

ಅವರ ಮನೆಯವರು ಮೊಣಕಾಲೂರುವುದು ಮಠದ ಐನೋರ ಪಾದಕ್ಕೆ ಮಾತ್ರ. ಯಾವುದೋ ದೇಶದ, ಕೈಯಲ್ಲಿ ಐಸ್‌ಕ್ರೀಮ್ ಹಿಡಿದ, ಮೂಗು ಸುರಿಸುವ ಹುಡುಗನ ಮುಂದೆ ತ್ರಿವೇಣಿ ಕಣ್ಣಿಗೆ ಕಣ್ಣು ಸಮವಾಗಿಸಿ ಕೂತದ್ದು ಎದುರಿನ ಗಾಜಿನಲ್ಲಿ ಕಂಡಂತಾಯಿತು. ಆ ಹುಡುಗನಿಗೆ ಅದರ ಬೆಲೆ ಗೊತ್ತಿರುತ್ತದೆಯೇ? "ಪಗಾರಕ್ಕಂತ ನಗೋದು ಅಂದ್ರ ಹೆಂಗ ಲೇ ಅದು?" ಎಂದ.

"ನೀವು ವ್ಯಾಪಾರಕ್ಕಂತ ನಗದ ಇರ್ತೀರಲ್ಲ ಅಪ್ಪಾಜಿ. ಹಂಗ."

ಅವನು ಗೇರು ಬದಲಾಯಿಸಿದ. ಆ ಮಾತಿಗೆ ಗೇರಿನ ಅಗತ್ಯವಿರಲಿಲ್ಲ. ಕಮಲಾಪುರದ ಕೆರೆಯ ಏರಿ ಬಂತು, ಅವಳು ಮತ್ತೆ ಪೆನ್ಸಿಲ್ ಕಚ್ಚಿಕೊಂಡಳು. ಅವನಿಗೆ ಮಾತ್ರ ತೂಕದ ಕಟ್ಟೆಯ ಮೇಲೆ, ಖಾಲಿ ಚೀಲಗಳ ರಾಶಿಯ ತುದಿಯಲ್ಲಿ ಕೂತ ಚಿಕ್ಕ ತ್ರಿವೇಣಿ ಕಾಣುತ್ತಿದ್ದಳು. ಹಾಲುಹಲ್ಲಿನಲ್ಲಿ ಒಂದು ಕಾಳು ಕಚ್ಚಿಕೊಂಡು, ಅಜ್ಜನ ಹಾಗೆ ಹುಬ್ಬು ಗಂಟಿಕ್ಕಿ. ಕಾಳು ಮುರಿಯುತ್ತಿರಲಿಲ್ಲ. ಜಂಬಯ್ಯ ಅವಳ ಮುಂದೆ ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು, ಸೊಂಟ ಬಗ್ಗಿಸಿ, "ಇಳಿಸ್ಲೇನ್ರಿ, ಸಾವ್ಕಾರ್ರ?" ಎನ್ನುತ್ತಿದ್ದ. ಅವಳು ತಲೆಯಾಡಿಸದೆ ಅವನನ್ನು ಕಾಯಿಸುತ್ತಿದ್ದಳು, ಎಷ್ಟೋ ಹೊತ್ತು. ಆಮೇಲೆ ತಡೆಯಲಾರದೆ ಕಾಳು ಉಗಿದು ನಗುತ್ತಿದ್ದಳು. ಹಾಗೆ ನಕ್ಕದ್ದು ಕೊನೆಯ ಸಲ ಯಾವಾಗ? ಅಂಥವು ಕೊನೆಯ ಸಲ ಎಂದು ಹೇಳಿ ಬರುವುದಿಲ್ಲ. ಯಾರೂ ಲೆಕ್ಕ ಇಟ್ಟಿರುವುದಿಲ್ಲ.

ಹೊಸಪೇಟೆಯ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮುರುಗೇಶ್ ಸರ್ ಕಂಪ್ಯೂಟರ್ ಲ್ಯಾಬಿನ ಫ್ಯಾನ್ ನಿಲ್ಲಿಸಿ ಇವರಿಗಾಗಿ ಕಾಯುತ್ತಿದ್ದರು. ಫ್ಯಾನಿನ ಸದ್ದು ಆ ಕಡೆಯವರಿಗೆ ಕೇಳಿಸಬಾರದಂತೆ. "ಬರ್ರಿ ಯಜಮಾನ್ರ. ನೀವು ಹೊರಗ ಕುಂದ್ರಿ, ಜಲ್ದಿ ಮುಗೀತೈತಿ" ಎಂದರು. ಹೊರಗೆ ಕೂರಲು ಬೆಂಚು ಇತ್ತು. ಅವನು ಕೂರಲಿಲ್ಲ, ಬಾಗಿಲಿಗೆ ಬಂದು ನಿಂತ. ಒಳಗೆ ತ್ರಿವೇಣಿ ನಿಂತಿದ್ದಳು, ಬಿಳಿ ಅಂಗಿ, ಕರಿ ಪ್ಯಾಂಟು, ಜಾರದ ಅಡಿಯ ಹೊಸ ಬೂಟು. ಅವಳು ಪ್ಯಾಂಟು ಹಾಕಿದ್ದನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ಪರದೆಯ ಮೇಲೆ ಯಾವ ದೇಶದವಳೆಂದು ಹೇಳಲಾಗದ ಒಬ್ಬ ಹೆಂಗಸು. ಅವಳ ಮುಖದಲ್ಲಿ ಸ್ವಾಗತ ಎಷ್ಟಿತ್ತೆಂದರೆ ಒಳಗೆ ಹೋಗುವುದಕ್ಕೇ ಹೆದರಿಕೆಯಾಗುವಂತಿತ್ತು. ಅವಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ತ್ರಿವೇಣಿ ಸಲೀಸಾಗಿ ಉತ್ತರ ಕೊಟ್ಟಳು. ಮಗಳ ಇಂಗ್ಲಿಷು ಲ್ಯಾಬಿನ ಗೋಡೆಗೆ ತಾಗಿ ಬರುತ್ತಿದ್ದದ್ದನ್ನು ಕೇಳಿ ಅವನ ಎದೆ ಅರಳಿತು, ಒಂದು ಮಾತೂ ಪೂರ್ತಿ ತಿಳಿಯದಿದ್ದರೂ. ಆಮೇಲೆ ಅವಳು ನಕ್ಕಳು. ಮೇಲಿನ ಸಾಲು ಪೂರ್ತಿ ಕಂಡಿತು. ಕೆಳಗಿನದು ಕಾಣಲಿಲ್ಲ. ಲೆಕ್ಕದ ಪ್ರಕಾರ ಎಲ್ಲವೂ ಸರಿ ಇತ್ತು, ಆದರೂ ಆ ನಗೆ ಚೀಲದ ಬಾಯಿಗೆ ಮಾತ್ರ ಒಳ್ಳೆಯ ಕಾಳು ಸುರಿದು ತಂದ ಸರಕಿನ ಹಾಗಿತ್ತು. ಅವನಿಗೆ ಗೊತ್ತಾಯಿತು. ಪರದೆಯ ಹೆಂಗಸಿಗೂ ಗೊತ್ತಾಯಿತು. ಅವಳೂ ಅವನಂಥದೇ ವ್ಯಾಪಾರದವಳು.

ಹೆಂಗಸು ಏನೋ ಬರೆದುಕೊಂಡಳು. ಆಮೇಲೆ ಅವಳ ಕಣ್ಣು ತ್ರಿವೇಣಿಯ ಹಿಂದೆ ಬಾಗಿಲಿನ ಕಡೆ ಹೋಯಿತು. ಏನೋ ಕೇಳಿದಳು. ಮುರುಗೇಶ್ ಸರ್ ಗಾಬರಿಯಲ್ಲಿ ಏನೋ ಹೇಳಿದರು. ಅವಳು ಮತ್ತೇನೋ ಹೇಳಿ ಕೈಯಾಡಿಸಿದಳು.

ಮುರುಗೇಶ್ ಸರ್ ಅವನ ಕಿವಿಗೆ ಬಂದರು. "ನೀವು ಒಳಗ ಬರಬೇಕಂತ್ರಿ. ನೀವು ಪಾರ್ಕಿಗೆ ಬಂದ ಸಿಟ್ಟಿನ ಗಿರಾಕಿ. ಬಿಸಿಲಾಗ ಭಾಳ ಹೊತ್ತು ಲೈನಿನ್ಯಾಗ ನಿಂತು ಬಂದೀರಿ. ತ್ರಿವೇಣಿ ನಿಮ್ಮನ್ನ ಸಮಾಧಾನ ಮಾಡಬೇಕು."

"ನನಗ ಅದೆಲ್ಲಾ ಬರಂಗಿಲ್ಲರಿ ಸರ್."

"ಬರ್ತೈತಿ. ಈಗಾಗ್ಲೇ ಭಾಳ ಚೆಂದ ಮಾಡಾಕ್ಹತ್ಯಾರ ಅಂದ್ರು."

"ನಾ ಇನ್ನಾ ಏನೂ ಮಾಡಿಲ್ಲ" ಎಂದ ಮರುಳಸಿದ್ದಪ್ಪ.

ಒಳಗೆ ಹೋಗಿ ನಿಂತ. ಎದುರಿಗೆ ಮಗಳು. ಅವಳು ಅಂಗೈ ಬಿಚ್ಚಿ, ಒಂದು ಹೆಜ್ಜೆ ಮುಂದೆ ಬಂದು, ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಬಾಯಲ್ಲಿ ಅದೇ ಅಳತೆಯ ನಗು. ಕಣ್ಣು ಮಾತ್ರ ನಗುತ್ತಿರಲಿಲ್ಲ, ಬೇಡುತ್ತಿತ್ತು. ಇವಳು ಇಷ್ಟು ಹತ್ತಿರದಿಂದ ನನ್ನನ್ನು ನೇರವಾಗಿ ನೋಡಿ ಎಷ್ಟು ವರ್ಷವಾಯಿತು ಎಂದು ಅವನಿಗೆ ಅನಿಸಿತು. ಸಹಾಯ ಮಾಡಬೇಕು, ತಾನೂ ನಗಬೇಕು ಎಂದು ಅವನು ಪ್ರಯತ್ನಪಟ್ಟ. ಕೆನ್ನೆ ಕದಲಲಿಲ್ಲ. ತುಕ್ಕು ಹಿಡಿದ ಶಟರಿನ ಹಾಗೆ ಎಲ್ಲೋ ಒಂದು ಕಡೆ ಎಳೆದುಕೊಂಡು ಅಲ್ಲೇ ಸಿಕ್ಕಿಬಿತ್ತು. ಮೊದಲಿಗಿಂತಲೂ ಸಿಟ್ಟಿನವನಂತೆ ಕಂಡಿರಬೇಕು, ಯಾಕೆಂದರೆ ಪರದೆಯ ಹೆಂಗಸು ಮೆಚ್ಚಿ ತಲೆಯಾಡಿಸಿದಳು. ತ್ರಿವೇಣಿಯ ತುಟಿ ನಡುಗಿತು. ಇನ್ನು ಅತ್ತುಬಿಡುತ್ತಾಳೆ, ನನ್ನ ಮುಖ ನೋಡಿ ನನ್ನ ಮಗಳು ಅಳುತ್ತಾಳೆ, ಹಾರದ ನಡುವಿನ ಆ ಮುಖವೇ ಸರಿಯಾಗಿತ್ತು ಎಂದು ಅವನಿಗೆ ಅನಿಸಿದ ಹೊತ್ತಿನಲ್ಲಿ, ದಿಕ್ಕು ತೋಚದಾಗೆಲ್ಲ ಮಾಡುವಂತೆ, ಅವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ನಿನ್ನೆಯ ಲಾರಿಯ ಮಾದರಿ ಕಾಳು ಅಲ್ಲಿದ್ದವು. ಒಂದು ಬೆರಳಿಗೆ ಸಿಕ್ಕಿತು. ಅವನಿಗೆ ಗೊತ್ತಾಗುವ ಮೊದಲೇ ಅದು ಮುಂದಿನ ಹಲ್ಲುಗಳ ನಡುವೆ ಇತ್ತು.

ಟಕ್.

ಫ್ಯಾನಿಲ್ಲದ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ಮುರುಗೇಶ್ ಸರ್ ಕಂಪ್ಯೂಟರಿನ ವೈರು ನೋಡಿದರು. ತ್ರಿವೇಣಿ ಅಪ್ಪನ ಮುಖ ನೋಡಿದಳು. ಅದರಲ್ಲಿ ಏನೂ ಆಗಿರಲಿಲ್ಲ, ಎಂದಿನಂತೆ. ಆದರೆ ಆ ಏನೂ ಆಗದಿರುವುದರ ಒಳಗೆ ಏನಿದೆ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅವಳಿಗೆ. ಅವಳು ಇಲ್ಲದ ಟವೆಲ್ಲನ್ನು ಕಂಕುಳಿಗೆ ಒತ್ತಿಕೊಂಡಂತೆ ಮಾಡಿ, ಸೊಂಟ ಬಗ್ಗಿಸಿ, ಕತ್ತು ಓರೆಮಾಡಿ, ಸತ್ತುಹೋದ ಜಂಬಯ್ಯನ ದನಿಯನ್ನು ಎಲ್ಲಿಂದಲೋ ತೆಗೆದು ಕೇಳಿದಳು:

"ಇಳಿಸ್ಲೇನ್ರಿ, ಸಾವ್ಕಾರ್ರ?"

ಕೇಳಿ ಮುಗಿಸುವ ಮೊದಲೇ ಅವಳು ನಕ್ಕಿದ್ದಳು. ಮೇಲಿನ ಸಾಲು, ಕೆಳಗಿನ ಸಾಲು, ಎಡಗಡೆ ತುಸು ಹೊರಗೆ ಬಂದ ಕೋರೆಹಲ್ಲು. ಅದು ಅವ್ವನ ಹಲ್ಲು. ಜೀವಮಾನವಿಡೀ ಸೆರಗಿನ ಹಿಂದೆ ಇದ್ದದ್ದು. ಅವನು ತಲೆಯಾಡಿಸಿದ, ಒಂದೇ ಸಲ, ಅಪ್ಪ ಆಡಿಸುತ್ತಿದ್ದಷ್ಟೇ. ಪರದೆಯೊಳಗಿನ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಜಂಬಯ್ಯನೂ ಗೊತ್ತಿರಲಿಲ್ಲ. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತಾನೂ ಕೆಳಗಿನ ಸಾಲು ಕಾಣುವ ಹಾಗೆ ನಗುತ್ತಿದ್ದಳು. ಆಮೇಲೆ ಏನೇನೋ ಮಾತಾಯಿತು. ಮುರುಗೇಶ್ ಸರ್ ಫ್ಯಾನ್ ಹಚ್ಚಿದಾಗಲೇ ಅದು ಮುಗಿದದ್ದು ಅವನಿಗೆ ತಿಳಿದದ್ದು. "ಆತ್ರಿ ಯಜಮಾನ್ರ" ಎಂದರು ಸರ್, ಬೆವರು ಒರೆಸಿಕೊಳ್ಳುತ್ತ. "ಆ ಗಿರಾಕಿ ಯಾರು, ನಾಟಕದವರೇನು ಅಂತ ಕೇಳಿದ್ರು."

"ನೀವೇನಂದ್ರಿ?"

"ರೈಸ್ ಮಿಲ್ ಅಂದ್ನಿ."

ಕಂಪ್ಲಿಗೆ ಬರುವಾಗ ಇನ್ನೂ ಬಿಸಿಲಿತ್ತು. ಹಿಂದಿನ ಓಣಿಯ ಕಡೆ ತಿರುಗದೆ ನೇರ ಬಸ್ ಸ್ಟ್ಯಾಂಡಿಗೆ ಬಂದ. ಉಚ್ಚೆಂಗಮ್ಮ ಅಷ್ಟರಲ್ಲಿ ಹಂಪೇಶನ ಅಂಗಡಿಗೆ ಹೋಗಿ ತನ್ನ ಆಟೊ ಬಾಡಿಗೆ ಕೇಳಿ ಬಂದಿದ್ದಳಂತೆ. ಹಂಪೇಶ ಏಣಿ ಹಿಡಿದುಕೊಂಡು ಫ್ಲೆಕ್ಸಿನ ಕೆಳಗೆ ಮುಖ ಸಣ್ಣದು ಮಾಡಿ ನಿಂತಿದ್ದ. ತ್ರಿವೇಣಿ ಕಾರಿನಲ್ಲೇ ಕೂತು ಗಂಗೋತ್ರಿಯ ಜೊತೆ ಫೋನಿನಲ್ಲಿ ಯಾವ ಬ್ಯಾಗು, ಎಷ್ಟು ತೂಕ ಎಂದು ಮಾತಾಡುತ್ತಿದ್ದಳು. ಲ್ಯಾಬಿನಲ್ಲಿ ಮುರುಗೇಶ್ ಸರ್ ತೆಗೆದು ಕಳಿಸಿದ್ದ ಅವಳ ನಗುವಿನ ಫೋಟೊವನ್ನು ಮರುಳಸಿದ್ದಪ್ಪ ಹಂಪೇಶನಿಗೆ ತೋರಿಸಿದ, ತನ್ನ ಫೋನನ್ನು ಅವನ ಕೈಗೆ ಕೊಡದೆ, ದೂರ ಹಿಡಿದು.

"ಯಪ್ಪಾ! ಮಸ್ತ್ ಐತ್ರಿ ಸಾವ್ಕಾರ್ರ!" ಎಂದ ಹಂಪೇಶ. "ಇದನ್ನ ಮೊದ್ಲೇ ಕೊಡಬಾರ್ದೇನ್ರಿ. ಇದನ್ನ ಹಾಕಿ ಹೊಸಾದು ಮಾಡಿಬಿಡ್ತೀನಿ."

ಮರುಳಸಿದ್ದಪ್ಪ ಫೋನಿನ ಕಡೆ ನೋಡಿದ. ಆಮೇಲೆ ಮೇಲಕ್ಕೆ ನೋಡಿದ, ಈ ಸಲ ನೇರವಾಗಿ, ಕತ್ತೆತ್ತಿ. ಸಂಡೂರಿನ ಬಸ್ಸಿಗೆ ಕಾದು ನಿಂತವರು ಅವನನ್ನೂ ಅದನ್ನೂ ತಿರುತಿರುಗಿ ನೋಡುತ್ತಿದ್ದರು. ಇಬ್ಬರದೂ ಒಂದೇ ಮುಖ. ಸಮುದ್ರದಾಚೆಯ ಗೇಟಿನಲ್ಲಿ ಟಿಕೆಟ್ ಕೊಂಡು ಬಂದವರಿಗೆ ಅವಳ ನಗು ಸಿಗಲಿ. ಅದು ಅವರಿಗೂ ಅವಳಿಗೂ ಬಿಟ್ಟದ್ದು. ಕಂಪ್ಲಿಯವರು ಯಾವ ಟಿಕೆಟ್ ಕೊಂಡಿದ್ದಾರೆ?

"ಬ್ಯಾಡ" ಎಂದ. ಫೋನನ್ನು ಕಾಳಿದ್ದ ಜೇಬಿಗೇ ಇಳಿಬಿಟ್ಟ. "ಮುಖ ಹಂಗ ಇರ್ಲಿ. ಹೂವಷ್ಟ ತೆಗಿ."

ಹಂಪೇಶ ತಲೆ ಕೆರೆದುಕೊಂಡ. ಆಮೇಲೆ ಏಣಿ ಹತ್ತಿ, ಬ್ಲೇಡು ಹಿಡಿದು, ಸೇವಂತಿಗೆಯ ಹಾರವನ್ನು ಸುತ್ತಲೂ ಕೊಯ್ದು ಕೆಳಗೆ ಬೀಳಿಸಿದ. ಅಂಚು ಹೋದ ಮೇಲೆ ಮುಖ ಮೊದಲಿಗಿಂತ ದೊಡ್ಡದಾಗಿ ಕಂಡಿತು.